ಬೆನ್ನ ಹಿಂದಿನ ಗಾಳಿ

ಹವಾಯಿಯ ದೊಡ್ಡ ದ್ವೀಪಕ್ಕೆ ವರ್ಷದ ಬಹುಪಾಲು ದಿನ ಗಾಳಿ ಬರುವುದು ಈಶಾನ್ಯದಿಂದ. ಪೆಸಿಫಿಕ್ ಸಾಗರದ ಮೇಲೆ ಸಾವಿರಾರು ಕಿಲೋಮೀಟರ್ ಅಡ್ಡಿಯಿಲ್ಲದೆ ಬಂದ ಈ ವಾಣಿಜ್ಯ ಮಾರುತಕ್ಕೆ 4,207 ಮೀಟರ್ ಎತ್ತರದ ಮೌನಾ ಕೆಯಾ ಎದುರಾಗುತ್ತದೆ. ಅಷ್ಟೆತ್ತರ ಹತ್ತಲಾರದ ಗಾಳಿ ಪಕ್ಕದಲ್ಲಿ ಸಂದಿ ಹುಡುಕುತ್ತದೆ. ಮೌನಾ ಕೆಯಾಕ್ಕೂ ಅದರ ಉತ್ತರದ ಕೊಹಾಲಾ ಬೆಟ್ಟಕ್ಕೂ ನಡುವೆ ವೈಮೇಯಾ ಊರಿರುವ ತಗ್ಗು ಅಂಥದೊಂದು ಸಂದಿ. ಅಲ್ಲಿ ಇಕ್ಕಟ್ಟಿನಲ್ಲಿ ನುಗ್ಗಿದ ಗಾಳಿ ವೇಗ ಕೂಡಿಸಿಕೊಂಡು ಪಶ್ಚಿಮದ ಇಳಿಜಾರಿನಲ್ಲಿ ಕವಾಯ್‌ಹಾಯೆ ಕರಾವಳಿಗೆ ಧುಮುಕುತ್ತದೆ. ಅಲ್ಲಿನವರು ಇದಕ್ಕೆ ಮುಮುಕು ಎನ್ನುತ್ತಾರೆ. ಅದೇ ಕರಾವಳಿಯ ಉದ್ದಕ್ಕೂ ಕ್ವೀನ್ ಕಾಅಹುಮಾನು ಹೆದ್ದಾರಿ ಹೋಗುತ್ತದೆ. ಎರಡೂ ಬದಿಗೆ ಕಣ್ಣು ಹಾಯುವಷ್ಟು ದೂರ ಕಪ್ಪು ಲಾವಾ. ಮರವಿಲ್ಲ, ನೆರಳಿಲ್ಲ. ಪಕ್ಕದ ಕೋನಾ ವಿಮಾನ ನಿಲ್ದಾಣ ನಿಂತಿರುವುದೇ ಹುಆಲಾಲಾಯ್ ಜ್ವಾಲಾಮುಖಿ 1801ರಲ್ಲಿ ಕಕ್ಕಿದ ಲಾವಾದ ಮೇಲೆ.

ಇಂಥ ಜಾಗವನ್ನು ಹುಡುಕಿ ಹುಡುಕಿ ಆರಿಸಿದಂತೆ ಇಲ್ಲಿ ಐರನ್‌ಮ್ಯಾನ್ ಟ್ರಯಥ್ಲಾನ್‌ನ ವಿಶ್ವ ಚಾಂಪಿಯನ್‌ಷಿಪ್ ನಡೆಯುತ್ತದೆ. ಮೊದಲು ಸಮುದ್ರದಲ್ಲಿ 3.8 ಕಿಲೋಮೀಟರ್ ಈಜು, ಆಮೇಲೆ 180 ಕಿಲೋಮೀಟರ್ ಸೈಕಲ್, ಕೊನೆಗೆ 42.2 ಕಿಲೋಮೀಟರ್ ಓಟ. ಬಟ್ಟೆ ಬದಲಿಸುವ ಹೊತ್ತೂ ಲೆಕ್ಕಕ್ಕೆ ಸೇರುತ್ತದೆ. ಗೆಲ್ಲುವ ಗಂಡಸರಿಗೆ ಎಂಟು ತಾಸು ಸಾಕು. ಹವ್ಯಾಸಿಗಳಿಗೆ ಹದಿನೇಳು ತಾಸಿನ ಗಡುವು. ಸ್ಪರ್ಧೆಯ ಜನಸಂಖ್ಯೆ ಎಂದರೆ ಈ ಹವ್ಯಾಸಿಗಳೇ: ಶಿಕ್ಷಕರು, ಲೆಕ್ಕಪರಿಶೋಧಕರು, ಸಾಫ್ಟ್‌ವೇರ್‌ನವರು, ನಿವೃತ್ತರು.

1978ರ ಫೆಬ್ರವರಿ 18ರಂದು ಓಆಹು ದ್ವೀಪದಲ್ಲಿ ಮೊದಲ ಸಲ ಇದು ನಡೆದಾಗ ಎಲ್ಲರೂ ಹವ್ಯಾಸಿಗಳೇ. ಈಜುಗಾರ ಗಟ್ಟಿಗನೋ ಓಟಗಾರ ಗಟ್ಟಿಗನೋ ಎಂಬ ಹಳೆಯ ಜಗಳಕ್ಕೆ ನೌಕಾದಳದ ಅಧಿಕಾರಿ ಜಾನ್ ಕಾಲಿನ್ಸ್ ಮತ್ತು ಅವರ ಪತ್ನಿ ಜೂಡಿ ಹುಡುಕಿದ ಪರಿಹಾರ ಅದು. ಹದಿನೈದು ಮಂದಿ ಹೊರಟರು, ಹನ್ನೆರಡು ಮಂದಿ ಗುರಿ ಮುಟ್ಟಿದರು. ಗೋರ್ಡನ್ ಹಾಲರ್ 11 ತಾಸು 46 ನಿಮಿಷದಲ್ಲಿ ಗೆದ್ದರು. ಎರಡನೆಯವರಾಗಿ ಬಂದ ಜಾನ್ ಡನ್‌ಬಾರ್ ಅವರ ಬೆಂಬಲಿಗರ ಬಳಿ ಓಟದ ನಡುವೆ ನೀರು ಮುಗಿಯಿತು, ಅವರು ಬಿಯರ್ ಕೊಟ್ಟರು. ಆಟಗಾರನ ಮೈಯ ನೀರು-ಉಪ್ಪಿನ ತಿಳಿವಳಿಕೆ ಆಗ ಸರಿಸುಮಾರು ಆ ಮಟ್ಟದಲ್ಲೇ ಇತ್ತು. 1981ರಲ್ಲಿ ಸ್ಪರ್ಧೆ ದೊಡ್ಡ ದ್ವೀಪಕ್ಕೆ, ಕೋನಾಕ್ಕೆ ಬಂತು. ಅಲ್ಲಿಂದೀಚೆಗೆ ಗಾಳಿ ಮತ್ತು ಬಿಸಿಲು ಅದರ ಖಾಯಂ ಸ್ಪರ್ಧಿಗಳು.

ಒಬ್ಬ ಹವ್ಯಾಸಿಯನ್ನು ಕಲ್ಪಿಸಿಕೊಳ್ಳೋಣ. ವಯಸ್ಸು ನಲವತ್ತೈದು, ತೂಕ 70 ಕೆಜಿ, ವಾರವೆಲ್ಲ ಕುರ್ಚಿಯ ಕೆಲಸ. ಗಾಳಿಯಿಲ್ಲದ ಸಮತಟ್ಟು ರಸ್ತೆಯಲ್ಲಿ ತಾಸಿಗೆ 30 ಕಿಲೋಮೀಟರ್ ಸೈಕಲ್ ತುಳಿಯಬಲ್ಲ, ಆಮೇಲೆ ತಾಸಿಗೆ 9 ಕಿಲೋಮೀಟರ್‌ನಂತೆ ಓಡಬಲ್ಲ. ಈಜಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕೋನಾದ ಕಡಲು ಸುಮಾರು 26 ಡಿಗ್ರಿ, ಮೈಬಿಸಿ ತಾನಾಗಿ ನೀರಿಗೆ ಹೋಗುತ್ತದೆ. ಆ ದಿನ ಇವನ ಮೈ ಸುಖವಾಗಿರುವುದು ಅಷ್ಟು ಹೊತ್ತು ಮಾತ್ರ.

ದಡಕ್ಕೆ ಬಂದು ಸೈಕಲ್ ಹತ್ತಿದ ಕೂಡಲೇ ಶಾಖದ ಖಾತೆ ತೆರೆಯುತ್ತದೆ. ನಮ್ಮ ಸ್ನಾಯುಗಳು ಎಂಜಿನ್ ಆಗಿ ಅಷ್ಟೇನೂ ಚೆನ್ನಾಗಿಲ್ಲ. ತಿಂದದ್ದರ ಶಕ್ತಿಯಲ್ಲಿ ಪೆಡಲಿಗೆ ತಲುಪುವುದು ನಾಲ್ಕನೆಯ ಒಂದು ಭಾಗವೋ ಅದಕ್ಕಿಂತ ತುಸು ಕಡಿಮೆಯೋ, ಮಿಕ್ಕಿದ್ದೆಲ್ಲ ಶಾಖ. ಗಂಟೆಗೆ 30 ಕಿಲೋಮೀಟರ್ ಹೋಗಲು ಇವನು ಚಕ್ರಕ್ಕೆ ಸುಮಾರು 135 ವ್ಯಾಟ್ ಕೊಡುತ್ತಾನೆ. ಅಷ್ಟು ಕೊಡುವಾಗ ಮೈಯೊಳಗೆ ಐನೂರು ವ್ಯಾಟ್‌ನಷ್ಟು ಶಾಖ ಹುಟ್ಟುತ್ತದೆ. ಓಡುವಾಗ ಇನ್ನೂ ಹೆಚ್ಚು, ಸುಮಾರು 700 ವ್ಯಾಟ್. 70 ಕೆಜಿ ದೇಹವನ್ನು ಒಂದು ಡಿಗ್ರಿ ಬಿಸಿ ಮಾಡಲು 245 ಕಿಲೋಜೂಲ್ ಸಾಕು. ಅಂದರೆ ಓಡುವವನ ಶಾಖ ಹೊರಗೆ ಹೋಗದೆ ಒಳಗೇ ಉಳಿದರೆ ಆರು ನಿಮಿಷಕ್ಕೊಂದು ಡಿಗ್ರಿಯಂತೆ ಮೈ ಕಾಯುತ್ತದೆ. ಅರ್ಧ ತಾಸು ತುಂಬುವ ಮೊದಲೇ ಕಥೆ ಮುಗಿಯಬೇಕು.

ಮುಗಿಯದಿರುವುದು ಬೆವರಿನ ಪುಣ್ಯ. ಚರ್ಮದ ಮೇಲಿನ ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಸುಮಾರು 2,400 ಕಿಲೋಜೂಲ್ ಶಾಖವನ್ನು ಹೊತ್ತೊಯ್ಯುತ್ತದೆ. ತಾಸಿಗೆ ಒಂದು ಲೀಟರ್ ಎಂದರೆ ಹೆಚ್ಚುಕಡಿಮೆ 670 ವ್ಯಾಟ್. ಓಟಗಾರನ ಲೆಕ್ಕ ಅಲ್ಲಿಗೆ ಚುಕ್ತಾ ಆಗಬೇಕು. ಆದರೆ ಬೆವರು ಆವಿಯಾಗಬೇಕು, ತೊಟ್ಟಿಕ್ಕಬಾರದು. ಮೊಣಕೈಯಿಂದ ರಸ್ತೆಗೆ ಬಿದ್ದ ಹನಿ ಮೈಯ ನೀರನ್ನೂ ಉಪ್ಪನ್ನೂ ಕೊಂಡೊಯ್ಯುತ್ತದೆಯೇ ಹೊರತು ಶಾಖವನ್ನಲ್ಲ. ಮಣ್ಣಿನ ಹೂಜಿಯ ನೀರು ರಾಯಚೂರಿನ ಬೇಸಿಗೆಯಲ್ಲಿ ತಣ್ಣಗಾದಷ್ಟು ಮಂಗಳೂರಿನಲ್ಲಿ ಆಗದಿರುವುದು ಇದೇ ಕಾರಣಕ್ಕೆ. ಮಂಗಳೂರಿನ ಗಾಳಿಯಲ್ಲಿ ಆಗಲೇ ನೀರು ತುಂಬಿರುತ್ತದೆ. ಕೋನಾ ಕರಾವಳಿಯೂ ಮಂಗಳೂರಿನ ಜಾತಿಯದೇ. ಬೆವರಿಗೆ ಅಲ್ಲಿ ಸಹಾಯಕ್ಕೆ ಬರುವುದು ಬೀಸುವ ಗಾಳಿ ಒಂದೇ. ಚರ್ಮಕ್ಕೆ ಅಂಟಿಕೊಂಡ ತೇವದ ಪದರವನ್ನು ಅದು ಒರೆಸಿಕೊಂಡು ಹೋಗುತ್ತಿರಬೇಕು.

ಹಾಗಾದರೆ ಗಾಳಿ ಒಳ್ಳೆಯದೇ? ಸೈಕಲ್ ಸವಾರನನ್ನು ಕೇಳಿದರೆ ಬೈಗುಳ ಬಂದೀತು. ತಾಸಿಗೆ 20 ಕಿಲೋಮೀಟರ್ ಗಾಳಿ ಎದುರಿಗೆ ಬೀಸಿದರೆ ಅದೇ 135 ವ್ಯಾಟ್‌ನಲ್ಲಿ ನಮ್ಮ ಹವ್ಯಾಸಿಯ ವೇಗ ಮೂವತ್ತರಿಂದ ಹತ್ತೊಂಬತ್ತಕ್ಕೆ ಇಳಿಯುತ್ತದೆ. ಅದೇ ಗಾಳಿ ಹಿಂದಿನಿಂದ ಬಂದರೆ ನಲವತ್ತಮೂರಕ್ಕೆ ಏರುತ್ತದೆ. ಹನ್ನೊಂದು ಹೋಯಿತು, ಹದಿಮೂರು ಬಂತು, ಲಾಭವೇ ಆಯಿತಲ್ಲ ಎನಿಸುತ್ತದೆ. ಆದರೆ ತಾಸುಗಳ ಲೆಕ್ಕ ಹಾಕಿ ನೋಡಿ. ಹೋಗುವ 90 ಕಿಲೋಮೀಟರ್‌ಗೆ ನಾಲ್ಕೂಮುಕ್ಕಾಲು ತಾಸು, ಬರುವ 90ಕ್ಕೆ ಎರಡು ತಾಸು ಐದು ನಿಮಿಷ. ಒಟ್ಟು ಆರು ತಾಸು ಐವತ್ತು ನಿಮಿಷ. ಗಾಳಿಯೇ ಇಲ್ಲದಿದ್ದರೆ ಆರು ತಾಸಿಗೆ ಮುಗಿಯುತ್ತಿತ್ತು. ಕಷ್ಟದ ದಾರಿಯಲ್ಲಿ ಹೆಚ್ಚು ಹೊತ್ತು, ಸುಖದ ದಾರಿಯಲ್ಲಿ ಕಡಿಮೆ ಹೊತ್ತು ಇರಬೇಕಾದ್ದರಿಂದ ಎರಡೂ ಸರಿಹೋಗುವುದಿಲ್ಲ. ನಿಧಾನ ಸವಾರನಿಗೆ ಈ ಏಟು ಇನ್ನೂ ಜೋರು, ಏಕೆಂದರೆ ಅವನ ವೇಗದ ಪಕ್ಕದಲ್ಲಿ ಗಾಳಿಯ ವೇಗ ದೊಡ್ಡದು.

ಕೋನಾದಲ್ಲಿ ಅದಕ್ಕೆ ಇನ್ನೊಂದು ಸೇರುತ್ತದೆ. ಬೆಳಗ್ಗೆ ಮಲಗಿದ್ದ ಗಾಳಿ ಹೊತ್ತೇರಿದಂತೆ ಏಳುತ್ತದೆ. ಸೈಕಲ್ ದಾರಿಯ ತುದಿಯಲ್ಲಿರುವ ಹಾವಿ ಎಂಬ ಊರಿನ ಏರನ್ನು ಮುಂಚೂಣಿಯವರು ಅಷ್ಟರೊಳಗೆ ಮುಗಿಸಿ ಹಿಂದಿರುಗಿರುತ್ತಾರೆ. ನಮ್ಮ ಹವ್ಯಾಸಿ ಅಲ್ಲಿಗೆ ತಲುಪುವಾಗ ಗಾಳಿ ತನ್ನ ಪೂರ್ತಿ ಕಸುವಿನಲ್ಲಿರುತ್ತದೆ. ಬರುವಾಗಲಾದರೂ ಬೆನ್ನಿಗೆ ಸಿಗುತ್ತದೆ ಎಂದುಕೊಂಡರೆ, ಕಾದ ನೆಲಕ್ಕೆ ಮಧ್ಯಾಹ್ನದ ಕಡಲಗಾಳಿ ನುಗ್ಗಿ ದಿಕ್ಕೇ ಬದಲಾಗಿರಬಹುದು. ಎರಡು ಕಡೆಯೂ ಎದುರುಗಾಳಿ ಎಂಬ ಅಲ್ಲಿನವರ ಗೊಣಗಾಟ ಪೂರ್ತಿ ಸುಳ್ಳಲ್ಲ.

ಅಡ್ಡಗಾಳಿಯದು ಬೇರೆಯೇ ಕಥೆ. ಟ್ರಯಥ್ಲಾನ್ ಸೈಕಲ್ಲಿನ ಹ್ಯಾಂಡಲ್ಲಿನ ಮುಂದೆ ಎರಡು ಸರಳು ಚಾಚಿರುತ್ತವೆ. ಮೊಣಕೈಗಳನ್ನು ಮೆತ್ತೆಯ ಮೇಲೂರಿ, ಅಂಗೈಗಳನ್ನು ಸೇರಿಸಿ, ಬೆನ್ನು ಮಟ್ಟಸವಾಗಿಸಿ ಮಲಗಿದಂತೆ ತುಳಿಯಬೇಕು. ಬ್ರೇಕ್ ಕೈಗೆಟುಕುವುದಿಲ್ಲ. ರಸ್ತೆಗಾಗಿ ಲಾವಾ ಕಡಿದ ಕಡೆ ಎರಡು ಬದಿಯೂ ಗೋಡೆ ಎದ್ದಿರುತ್ತದೆ, ಅಲ್ಲಿ ಗಾಳಿ ಫಕ್ಕನೆ ನಿಲ್ಲುತ್ತದೆ. ಬಲಕ್ಕೆ ವಾಲಿಕೊಂಡು ಬಂದವನು ತಡವರಿಸಿ ನೇರವಾಗುತ್ತಾನೆ. ಗೋಡೆ ಮುಗಿದ ತಕ್ಷಣ ಮುಂದಿನ ಚಕ್ರಕ್ಕೆ ಪಕ್ಕದಿಂದ ಗುದ್ದು ಬೀಳುತ್ತದೆ, ಸೈಕಲ್ ಒಂದು ಮಾರು ಸರಿಯುತ್ತದೆ. ಮೊಣಕೈ ಕಿತ್ತು ಹ್ಯಾಂಡಲ್ ಹಿಡಿದವನು ಮುಂದಿನ ಹತ್ತು ಕಿಲೋಮೀಟರ್ ಅದನ್ನು ಬಿಡುವುದಿಲ್ಲ. ಎದೆ ಎದ್ದು ನಿಂತಿತು, ಗಾಳಿಗೆ ಮೈ ಅಗಲವಾಯಿತು, ಇನ್ನಷ್ಟು ನಿಮಿಷ ಹೋಯಿತು. ಹಿಂಚಕ್ರಕ್ಕೆ ತಟ್ಟೆಯಂತೆ ಮುಚ್ಚಿದ ಡಿಸ್ಕ್ ಚಕ್ರವನ್ನು ಬೇರೆ ಸ್ಪರ್ಧೆಗಳಲ್ಲಿ ಹಾಕಿಕೊಳ್ಳಬಹುದು, ಕೋನಾದಲ್ಲಿ ಅದಕ್ಕೆ ನಿಷೇಧವಿದೆ. ನಿಯಮ ಮಾಡಿದವರಿಗೆ ಮುಮುಕುವಿನ ಪರಿಚಯ ಚೆನ್ನಾಗಿತ್ತೆಂದು ಕಾಣುತ್ತದೆ.

ಇಷ್ಟೆಲ್ಲ ಬೈಸಿಕೊಂಡರೂ ಸುಮಾರು ಏಳು ತಾಸು ಆ ಗಾಳಿ ಅವನ ಬೆವರನ್ನು ಒಣಗಿಸುತ್ತಲೇ ಇತ್ತು. ಎಷ್ಟು ಒಣಗಿಸಿತೆಂದರೆ ತಾನು ಬೆವರುತ್ತಿರುವುದೇ ಅವನಿಗೆ ತಿಳಿಯಲಿಲ್ಲ. ಸೈಕಲ್ ಇಳಿದು ಅಂಗಿ ಮುಟ್ಟಿಕೊಂಡರೆ ಹೊಟ್ಟೆಯ ಮೇಲೆ ಬಿಳಿ ಉಪ್ಪಿನ ಗೆರೆಗಳು, ಪದರ ಪದರವಾಗಿ. ಹುಬ್ಬು ಉಜ್ಜಿದರೆ ಕೈಗೆ ಹರಳು ಹತ್ತುತ್ತದೆ.

ಈಗ ಓಟ. ಶಾಖ ಹುಟ್ಟುವುದು ಐನೂರರಿಂದ ಏಳುನೂರು ವ್ಯಾಟ್‌ಗೆ ಏರಿತು. ಮೈಗೆ ತಾಗುವ ಗಾಳಿ ತಾಸಿಗೆ ಮೂವತ್ತು ಕಿಲೋಮೀಟರ್‌ನಿಂದ ಒಂಬತ್ತಕ್ಕೆ ಇಳಿಯಿತು. ಬಿಸಿಲಿನಲ್ಲಿ ಸ್ಪರ್ಧೆ ಹಾಳಾಗುವುದು ಸೈಕಲ್ ಮೇಲಲ್ಲ, ಓಟದಲ್ಲಿ ಎಂಬ ಹಳಬರ ಮಾತಿನ ಹಿಂದಿರುವುದು ಈ ಎರಡು ಅಂಕಿಗಳು.

ಬೆನ್ನ ಹಿಂದಿನ ಗಾಳಿಯ ಮೋಸ ಬಯಲಾಗುವುದೂ ಇಲ್ಲೇ. ಓಡುವವನಿಗೆ ಗಾಳಿಯಿಂದ ಎಷ್ಟು ಅಡ್ಡಿಯಾಗುತ್ತದೆ ಎಂಬುದನ್ನು 1970ರ ಸುಮಾರಿಗೆ ಬ್ರಿಟನ್ನಿನ ಶರೀರವಿಜ್ಞಾನಿ ಗ್ರಿಫಿತ್ ಪ್ಯೂ ಅಳೆದರು. 1953ರ ಎವರೆಸ್ಟ್ ತಂಡಕ್ಕೆ ಆಮ್ಲಜನಕ, ನೀರು, ಊಟದ ಲೆಕ್ಕ ಹಾಕಿಕೊಟ್ಟವರು ಇವರೇ. ಸೆಕೆಂಡಿಗೆ ಆರು ಮೀಟರ್ ಓಡುವ ಪಟುವಿನ ಶಕ್ತಿಯಲ್ಲಿ ನೂರಕ್ಕೆ ಏಳೆಂಟು ಪಾಲು ಗಾಳಿಯನ್ನು ಸೀಳಲು ಹೋಗುತ್ತದೆ ಎಂದು ಅವರಿಗೆ ಕಂಡಿತು. ನಮ್ಮ ಹವ್ಯಾಸಿಯ ವೇಗ ಅದರ ಅರ್ಧಕ್ಕೂ ಕಡಿಮೆ. ಅವನು ಗಾಳಿಗೆ ತೆರುವ ಸುಂಕ ನೂರಕ್ಕೆ ಒಂದೋ ಎರಡೋ. ತಾಸಿಗೆ ಒಂಬತ್ತು ಕಿಲೋಮೀಟರ್ ಗಾಳಿ ಹಿಂದಿನಿಂದ ಬೀಸಿದರೆ ಅವನಿಗೆ ಉಳಿಯುವುದು ಆ ಒಂದೆರಡು ಪಾಲು ಮಾತ್ರ.

ಕಳೆದುಕೊಳ್ಳುವುದು ಎಷ್ಟು? ಒಂಬತ್ತರಲ್ಲಿ ಓಡುವವನ ಬೆನ್ನಿಗೆ ಒಂಬತ್ತರ ಗಾಳಿ ಬಂದರೆ ಅವನ ಪಾಲಿಗೆ ಗಾಳಿಯೇ ನಿಂತಂತೆ. 31 ಡಿಗ್ರಿ, ನೂರಕ್ಕೆ 65ರಷ್ಟು ತೇವಾಂಶ ಇಟ್ಟುಕೊಂಡು ಲೆಕ್ಕ ಹಾಕಿದೆ. ಗಾಳಿ ಇಲ್ಲದ ದಿನ, ತನ್ನ ಓಟದ ಗಾಳಿಯೊಂದರಲ್ಲೇ, ಅವನ ಚರ್ಮ ಬೆವರಿನ ಮೂಲಕ ಸಾವಿರ ವ್ಯಾಟ್‌ವರೆಗೆ ಶಾಖ ಬಿಡಬಲ್ಲದು. ಬೇಕಾದದ್ದು ಏಳುನೂರು, ಧಾರಾಳವಾಯಿತು. ಗಾಳಿ ನಿಂತಂತಾದಾಗ ಕೈಕಾಲಿನ ಅಲುಗಾಟ ಒಂದೇ ಆಸರೆ, ಆಗ ಹೊರಹೋಗುವುದು ಐನೂರು ವ್ಯಾಟ್ ಆಸುಪಾಸು. ಬಿಸಿಲು ಮತ್ತು ಕಾದ ಲಾವಾ ಕೊಡುವ ಶಾಖವೂ, ಸುತ್ತಲ ಗಾಳಿ ನೇರವಾಗಿ ಒಯ್ಯುವ ಶಾಖವೂ ಹೆಚ್ಚುಕಡಿಮೆ ಒಂದಕ್ಕೊಂದು ವಜಾ ಆಯಿತೆಂದು ಹಿಡಿದ ಅಂದಾಜಿದು. ಉಳಿದ ಇನ್ನೂರು ವ್ಯಾಟ್ ಮೈಯಲ್ಲೇ ಜಮೆ. ಇಪ್ಪತ್ತು ನಿಮಿಷಕ್ಕೊಂದು ಡಿಗ್ರಿ. ಬೆವರು ಸುರಿಯುತ್ತದೆ, ತೊಟ್ಟಿಕ್ಕುತ್ತದೆ, ಕೆಲಸಕ್ಕೆ ಬರುವುದಿಲ್ಲ. ಸೈಕಲ್ ಮೇಲೆ ದೇವರಂತೆ ಬಂದ ಹಿಂಗಾಳಿ ಇಲ್ಲಿ ಎರಡು ಪಾಲು ಕೊಟ್ಟು ತಂಪಿನ ಅರ್ಧವನ್ನು ಕಸಿದುಕೊಳ್ಳುತ್ತದೆ. ಮುಖಕ್ಕೆ ಹೊಡೆಯುವ ಗಾಳಿಗೆ ಶಾಪ ಹಾಕುವ ಓಟಗಾರರನ್ನು ಕಂಡಾಗೆಲ್ಲ ಈ ಲೆಕ್ಕ ತೋರಿಸಬೇಕೆನಿಸುತ್ತದೆ.

ಮೈ ಕಾಯುತ್ತ ಹೋದರೆ ಎಲ್ಲಿಯವರೆಗೆ? ಹೊಸೆ ಗೊನ್ಸಾಲೆಸ್-ಅಲೊನ್ಸೊ ಮತ್ತು ಸಂಗಡಿಗರು ಡೆನ್ಮಾರ್ಕ್‌ನಲ್ಲಿ ಮಾಡಿ 1999ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಉತ್ತರ ಕೊಟ್ಟಿತು. ಅದೇ ಸವಾರರನ್ನು ಒಂದು ದಿನ ತಣ್ಣೀರಿನಲ್ಲಿ ಕೂರಿಸಿ 36 ಡಿಗ್ರಿಗೆ ಇಳಿಸಿ, ಇನ್ನೊಂದು ದಿನ 37ರಲ್ಲೇ ಬಿಟ್ಟು, ಮತ್ತೊಂದು ದಿನ 38ಕ್ಕೆ ಏರಿಸಿ, 40 ಡಿಗ್ರಿಯ ಕೋಣೆಯಲ್ಲಿ ಸೈಕಲ್ ತುಳಿಸಿದರು. 63, 46, 28 ನಿಮಿಷಗಳಿಗೆ ಕೈಚೆಲ್ಲಿದರು. ಕೈಚೆಲ್ಲಿದಾಗ ಒಳಮೈ ಬಿಸಿ ಮಾತ್ರ ಮೂರು ದಿನವೂ ಒಂದೇ, 40 ಡಿಗ್ರಿಗಿಂತ ಕೂದಲೆಳೆ ಮೇಲೆ. ಆದರೆ ರಸ್ತೆಯಲ್ಲಿ ಬಹುತೇಕರು ಆ ಗೆರೆ ಮುಟ್ಟುವುದಿಲ್ಲ. 2004ರಲ್ಲಿ ದಕ್ಷಿಣ ಆಫ್ರಿಕಾದ ರಾಸ್ ಟಕರ್ ಮತ್ತು ಸಂಗಡಿಗರು ಸವಾರರಿಗೆ ಅವರವರ ಇಷ್ಟದ ವೇಗದಲ್ಲಿ 20 ಕಿಲೋಮೀಟರ್ ತುಳಿಯಲು ಬಿಟ್ಟು ನೋಡಿದರು. 35 ಡಿಗ್ರಿಯ ಕೋಣೆಯಲ್ಲಿದ್ದವರು ಮೈ ಅಪಾಯದ ಮಟ್ಟಕ್ಕೆ ಬಿಸಿಯಾಗುವ ಬಹಳ ಮೊದಲೇ ನಿಧಾನವಾದರು, ಸ್ನಾಯುಗಳಿಗೆ ಹೋಗುವ ಆದೇಶವನ್ನೇ ಮಿದುಳು ತಗ್ಗಿಸಿತ್ತು. ಬಿಸಿಲಿನಲ್ಲಿ ವೇಗ ಕುಸಿದಾಗ ಹವ್ಯಾಸಿ ತನ್ನ ಮನೋಬಲವನ್ನು ಹಳಿದುಕೊಳ್ಳುತ್ತಾನೆ. ಆ ಹಳಹಳಿಕೆ ಅನ್ಯಾಯ. ಮಿದುಳು ಮುಂದಿನ ತಾಸಿನ ಶಾಖವನ್ನು ಈಗಲೇ ಎಣಿಸಿ ಖರ್ಚು ಕಡಿತ ಮಾಡಿರುತ್ತದೆ.

ಕಡಿತಕ್ಕೆ ಒಪ್ಪದೆ ಓಡಿದರೆ ಏನಾಗುತ್ತದೆಂದು 1982ರ ಫೆಬ್ರವರಿಯಲ್ಲಿ ಟಿವಿ ನೋಡುತ್ತಿದ್ದ ಅಮೆರಿಕ ಕಂಡಿತು. ಜೂಲಿ ಮಾಸ್ ವ್ಯಾಯಾಮ ಶರೀರವಿಜ್ಞಾನದ ವಿದ್ಯಾರ್ಥಿನಿ, ತನ್ನ ಪ್ರಬಂಧಕ್ಕೆ ಸಾಮಗ್ರಿ ಸಿಗಲೆಂದೇ ಸ್ಪರ್ಧೆಗೆ ಬಂದವರು. ಮಹಿಳೆಯರಲ್ಲಿ ಮುಂದಿದ್ದ ಅವರ ಕಾಲು ಕೊನೆಯ ಹಂತದಲ್ಲಿ ಮಡಿಚಿಕೊಂಡಿತು. ಎದ್ದರು, ಬಿದ್ದರು. ಗುರಿ ಕೆಲವೇ ಮೀಟರ್ ಇರುವಾಗ ಕ್ಯಾಥ್ಲೀನ್ ಮೆಕಾರ್ಟ್ನಿ ಪಕ್ಕದಲ್ಲಿ ಓಡಿ ಗೆದ್ದರು. ಮಾಸ್ ತೆವಳಿಕೊಂಡು 29 ಸೆಕೆಂಡ್ ತಡವಾಗಿ ಗೆರೆ ಮುಟ್ಟಿದರು. ಅದು ಬರಿಯ ಬಿಸಿಲಿನ ಕೆಲಸವಲ್ಲ, ಸಕ್ಕರೆಯದೂ ಹೌದು. ಚರ್ಮಕ್ಕೆ ಹೆಚ್ಚು ರಕ್ತ ಬೇಕಾದಾಗ ದೇಹ ಹೊಟ್ಟೆ-ಕರುಳಿನ ರಕ್ತವನ್ನು ಕತ್ತರಿಸುತ್ತದೆ. ಕುಡಿದ ಸಿಹಿ ಪಾನಕ ಹೊಟ್ಟೆಯಲ್ಲೇ ಕುಲುಕಾಡುತ್ತದೆ, ವಾಕರಿಕೆ ಬರುತ್ತದೆ, ಸ್ನಾಯು ಉಪವಾಸ ಬೀಳುತ್ತದೆ. ಅದೇ ಹೊತ್ತಿಗೆ ಹೃದಯ ಒಂದೊಂದು ಬಡಿತಕ್ಕೆ ಕಡಿಮೆ ರಕ್ತ ತಳ್ಳುತ್ತ, ಬಡಿತದ ಸಂಖ್ಯೆ ಏರಿಸಿ ಸರಿದೂಗಿಸಲು ನೋಡುತ್ತಿರುತ್ತದೆ.

ಮೈಯನ್ನು ಇದಕ್ಕೆ ಪಳಗಿಸಬಹುದು. ಬೆಂಗಳೂರಿನ ಟ್ರಯಥ್ಲಾನ್ ಗುಂಪುಗಳಿಗೆ ಇದು ಪ್ರತಿ ವರ್ಷದ ತಲೆನೋವು. 2019ರಿಂದ ಗೋವಾದಲ್ಲಿ ಐರನ್‌ಮ್ಯಾನ್ 70.3, ಅಂದರೆ ಅರ್ಧ ದೂರದ ಸ್ಪರ್ಧೆ ನಡೆಯುತ್ತಿದೆ. ಸಮುದ್ರಮಟ್ಟದಿಂದ 900 ಮೀಟರ್ ಮೇಲೆ, ಬೆಳಗಿನ ಐದರ ಚಳಿಯಲ್ಲಿ ತಯಾರಾದವರು ಪಣಜಿಯ ಮಿರಾಮಾರ್ ಕಡಲತೀರದ ಜಿಗುಟಿನಲ್ಲಿ ಓಡಬೇಕು. ಮೊಬೈಲ್ ತೋರಿಸುವ ಉಷ್ಣಾಂಶ ಎರಡು ಊರಿಗೂ ಹೆಚ್ಚು ದೂರವಿಲ್ಲದಿರಬಹುದು, ಮೈ ಓದುವ ಲೆಕ್ಕ ಬೇರೆ. ಅಮೆರಿಕದ ನೌಕಾ ಯೋಧರ ತರಬೇತಿ ಶಿಬಿರಗಳಿಗಾಗಿ 1950ರ ದಶಕದಲ್ಲಿ ರೂಪಿಸಿದ ಶಾಖದ ಸೂಚ್ಯಂಕವೊಂದು ಇಂದಿಗೂ ಕ್ರೀಡಾ ವೈದ್ಯರ ಕೈಯಲ್ಲಿದೆ. ಅದರಲ್ಲಿ ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರಿಗೆ ನೂರಕ್ಕೆ ಎಪ್ಪತ್ತು ತೂಕ, ಬಿಸಿಲಿಗಿಟ್ಟ ಕಪ್ಪು ಗೋಳಕ್ಕೆ ಇಪ್ಪತ್ತು, ನಾವು ದಿನಾ ಹೇಳಿಕೊಳ್ಳುವ ಉಷ್ಣಾಂಶಕ್ಕೆ ಬರೀ ಹತ್ತು.

ಪಳಗಲು ಹತ್ತರಿಂದ ಹದಿನಾಲ್ಕು ದಿನ ಬೇಕು. ಮೊದಲ ವಾರದಲ್ಲೇ ರಕ್ತದ ನೀರಿನಂಶ ಹೆಚ್ಚುತ್ತದೆ, ಬಡಿತ ಇಳಿಯುತ್ತದೆ. ಆಮೇಲೆ ಬೆವರು ಬೇಗ ಶುರುವಾಗಿ ಹೆಚ್ಚು ಸುರಿಯುತ್ತದೆ, ಅದರಲ್ಲಿ ಉಪ್ಪು ಕಡಿಮೆಯಾಗುತ್ತದೆ. ರಜೆ ಸಿಗದವರು ಮನೆಯೊಳಗೆ ಫ್ಯಾನ್ ಆರಿಸಿ ಸೈಕಲ್ ತುಳಿಯುತ್ತಾರೆ. ಇನ್ನೂ ಸುಲಭದ ದಾರಿಯನ್ನು 2016ರಲ್ಲಿ ವೇಲ್ಸ್‌ನ ಬ್ಯಾಂಗರ್ ವಿಶ್ವವಿದ್ಯಾಲಯದವರು ತೋರಿಸಿದರು: ಓಡಿ ಬಂದ ಮೇಲೆ 40 ಡಿಗ್ರಿ ನೀರಿನಲ್ಲಿ ಕತ್ತಿನವರೆಗೆ ಮುಳುಗಿ 40 ನಿಮಿಷದವರೆಗೆ ಕೂರುವುದು, ಆರು ದಿನ. ಅಷ್ಟಕ್ಕೇ ಬಿಸಿಯಲ್ಲಿನ ಓಟ ಸುಧಾರಿಸಿತು. ಹಂಡೆ ನೀರಿನ ಅಭ್ಯಂಜನಕ್ಕೆ ವಿಜ್ಞಾನದ ಮುದ್ರೆ ಬಿತ್ತೆಂದು ಹಿಗ್ಗುವವರಿಗೆ ಒಂದು ಮಾತು, ಮೊದಲು ಓಡಿ ಬರಬೇಕು.

ಓಟದ ದಿನ ಕೈಗೆ ಸಿಗುವ ಅತ್ಯುತ್ತಮ ಔಷಧ ಮಂಜುಗಡ್ಡೆ. ಒಂದು ಕೆಜಿ ಮಂಜು ಕರಗಿ ಮೈಬಿಸಿಗೆ ಬರುವಷ್ಟರಲ್ಲಿ 490 ಕಿಲೋಜೂಲ್ ಹೀರುತ್ತದೆ, 70 ಕೆಜಿ ದೇಹಕ್ಕೆ ಎರಡು ಡಿಗ್ರಿ ಲೆಕ್ಕ. ನೀರಿನ ಮೇಜಿನ ಬಳಿ ಪಳಗಿದ ಹವ್ಯಾಸಿಯ ಕೈಚಳಕ ನೋಡಬೇಕು. ನಡಿಗೆಗೆ ಇಳಿದು, ಟೋಪಿ ಬಿಚ್ಚಿ ಅದರೊಳಗೆ ಒಂದು ಲೋಟ ಐಸ್ ಸುರಿದು ಹಾಗೇ ತಲೆಗೆ ಕವುಚಿಕೊಳ್ಳುತ್ತಾನೆ. ಇನ್ನೊಂದು ಲೋಟ ಅಂಗಿಯ ಕೊರಳಿನಿಂದ ಎದೆಗೆ. ಉಳಿದ ನಾಲ್ಕು ತುಂಡು ಎರಡು ಮುಷ್ಟಿಗೆ. ಅಂಗೈಯ ಚರ್ಮದಡಿ ರಕ್ತವನ್ನು ನೇರ ಸಿರೆಗೆ ದಾಟಿಸುವ ಒಳದಾರಿಗಳಿವೆ, ಬಿಸಿಯಾದಾಗ ಅವು ತೆರೆದುಕೊಂಡು ಅಂಗೈಯನ್ನು ಶಾಖ ಬಿಡುವ ಕಿಟಕಿಯಾಗಿಸುತ್ತವೆ. ಹದಿನೈದು ಸೆಕೆಂಡ್ ಹೋಯಿತು, ಮುಂದಿನ ಎರಡು ಕಿಲೋಮೀಟರ್ ಓಡುವ ಅನುಮತಿ ಸಿಕ್ಕಿತು.

ಆ ಮೇಜಿನ ಮೇಲೆ ನೀರೂ ಇದೆ, ಅಪಾಯವಿರುವುದು ಅದರಲ್ಲಿ. ಬಾಯಾರುವ ಮೊದಲೇ ಕುಡಿ, ಆದಷ್ಟೂ ಕುಡಿ ಎಂಬ ಉಪದೇಶ ದಶಕಗಳ ಕಾಲ ನಡೆಯಿತು. 1985ರಲ್ಲಿ ದಕ್ಷಿಣ ಆಫ್ರಿಕಾದ ವೈದ್ಯ ಟಿಮ್ ನೋಕ್ಸ್ ದೂರದ ಓಟಗಳಲ್ಲಿ ಕುಸಿದ ಕೆಲವರ ವಿವರ ಪ್ರಕಟಿಸಿದರು. ಅವರ ತೊಂದರೆ ನೀರಿನ ಕೊರತೆಯಾಗಿರಲಿಲ್ಲ, ನೀರು ಹೆಚ್ಚಾಗಿ ರಕ್ತದ ಸೋಡಿಯಂ ತೆಳುವಾಗಿತ್ತು. ಇದು ಮುಂಚೂಣಿಯವರನ್ನು ಅಪರೂಪಕ್ಕೆ ಕಾಡುತ್ತದೆ. ಅವರು ತಾಸಿಗೆ ಹದಿನಾರು ಕಿಲೋಮೀಟರ್ ಓಡುತ್ತ ಲೋಟದ ಅರ್ಧ ಚೆಲ್ಲುತ್ತಾರೆ, ಕುಡಿದದ್ದಕ್ಕಿಂತ ಹೆಚ್ಚು ಬೆವರುತ್ತಾರೆ. ನಿಧಾನದವನು ಪ್ರತಿ ಮೇಜಿನ ಬಳಿ ನಿಲ್ಲುತ್ತಾನೆ, ಎರಡೆರಡು ಲೋಟ ಪೂರ್ತಿ ಕುಡಿಯುತ್ತಾನೆ. ಸೂರ್ಯ ಮುಳುಗಿ ತಂಪಾಗಿ ಬೆವರು ಇಳಿದ ಮೇಲೂ ಅದೇ ಅಭ್ಯಾಸ ಮುಂದುವರಿಯುತ್ತದೆ. ಹದಿನಾಲ್ಕು, ಹದಿನೈದು ತಾಸು.

ಗುರಿಯ ಪಕ್ಕದ ವೈದ್ಯಕೀಯ ಡೇರೆಗೆ ಹೀಗೆ ಇಬ್ಬರು ಬರಬಹುದು. ಇಬ್ಬರೂ ವಾಂತಿ ಮಾಡಿಕೊಳ್ಳುತ್ತಿದ್ದಾರೆ, ಇಬ್ಬರಿಗೂ ತಮ್ಮ ಹೆಸರು ಹೇಳಲು ತಡವಾಗುತ್ತಿದೆ. ಐಸ್ ಕಚ್ಚುತ್ತ ಬಂದವನ ಬಾಯಿಯ ಥರ್ಮಾಮೀಟರನ್ನು ನಂಬುವಂತಿಲ್ಲವಾದ್ದರಿಂದ ಗುದದ್ವಾರದಲ್ಲಿ ಅಳೆಯುತ್ತಾರೆ. ಒಬ್ಬನದು 41 ಡಿಗ್ರಿ. ಅವನಿಗೆ ಆಂಬ್ಯುಲೆನ್ಸ್‌ಗಿಂತ ಮೊದಲು ಐಸ್ ನೀರಿನ ತೊಟ್ಟಿ ಬೇಕು, ಆಸ್ಪತ್ರೆಗೆ ಸಾಗಿಸುವುದೆಲ್ಲ ಮೈ ತಣ್ಣಗಾದ ಮೇಲೆ. ಇನ್ನೊಬ್ಬನದು 37.5, ಕೈಬೆರಳು ಊದಿ ಉಂಗುರ ಬಿಗಿದಿದೆ, ತಕ್ಕಡಿಯ ಮೇಲೆ ನಿಲ್ಲಿಸಿದರೆ ಬೆಳಗ್ಗಿನದಕ್ಕಿಂತ ಒಂದು ಕೆಜಿ ಹೆಚ್ಚು. ಪಾಪ, ಸುಸ್ತಾಗಿದ್ದಾನೆ ಎಂದು ಮಾಮೂಲಿ ಗ್ಲೂಕೋಸ್ ಬಾಟಲಿ ಏರಿಸಿದರೆ ಮಿದುಳು ಇನ್ನಷ್ಟು ಊದುತ್ತದೆ. ಅವನಿಗೆ ಬೇಕಾದದ್ದು 100 ಮಿಲಿಲೀಟರ್ ಗಟ್ಟಿ ಉಪ್ಪುನೀರು, ನೂರಕ್ಕೆ ಮೂರರ ಸಲೈನ್, ನೇರ ರಕ್ತನಾಳಕ್ಕೆ.